ಹಿನ್ನೀರ ಸೀಮೆಯಲ್ಲಿ ಮನೆ ಮಾಡುವವರಿಗೆ: ಮೃಗಶಿರಕ್ಕೆ ಮೊದಲು ಮುಗಿಸಬೇಕಾದ ಕೆಲಸ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳ್ಳಿಮನೆ ಹಿಡಿಯಲು ಬರುವವರು ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್‌ನಲ್ಲಿ ಬರುತ್ತಾರೆ. ಆಗ ಶರಾವತಿ ಹಿನ್ನೀರು ತುಂಬಿರುತ್ತದೆ, ಗುಡ್ಡವೆಲ್ಲ ಹಸಿರು, ಹಳ್ಳದಲ್ಲಿ ನೀರು ಜೋರು, ಉಂಬಳ (ರಕ್ತ ಹೀರುವ ಜಿಗಣೆ) ಹುಡುಕಿದರೂ ಇಲ್ಲ. ಆ ಹೊತ್ತಿನಲ್ಲಿ ಒಪ್ಪಿದ ಮನೆ ಜುಲೈನಲ್ಲಿ ಬೇರೆಯೇ ಮನೆಯಾಗಿರುತ್ತದೆ, ಏಪ್ರಿಲ್‌ನಲ್ಲಿ ಇನ್ನೊಂದು. ಹಾಗಾಗಿ ಜಾಗ ನೋಡಲು ಎರಡು ಸಲ ಬನ್ನಿ. ಏಪ್ರಿಲ್ ಕೊನೆಗೆ ಒಮ್ಮೆ ನೀರು ನೋಡಲು, ಜುಲೈ ನಡುವೆ ಒಮ್ಮೆ ಮನೆಯ ಮಾಡು (ಚಾವಣಿ), ಧರೆ (ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆ), ದಾರಿ ನೋಡಲು. ಚೆಂದದ ತಿಂಗಳುಗಳಲ್ಲಿ ಮುಂಗಡ ಕೊಡಬೇಡಿ.

ಮಳೆಗಾಲದ ಕೆಲಸವನ್ನು ಇಲ್ಲಿ ಬೇಸಿಗೆಯಲ್ಲೇ ಮಾಡುವುದು. ಶಿವರಾತ್ರಿ ಕಳೆದ ಮೇಲೆ ಕೈ ಹಾಕಿದರೆ ಮೇ 25ರ ಸುಮಾರಿಗೆ ರೋಹಿಣಿ ಹುಟ್ಟುವಾಗ ಮುಕ್ಕಾಲು ಮುಗಿದಿರಬೇಕು, ಜೂನ್ 8ರ ಸುಮಾರಿನ ಮೃಗಶಿರಕ್ಕೆ ಪೂರ್ತಿ. ಆಮೇಲೆ ಆಳೂ ಸಿಗುವುದಿಲ್ಲ, ಬಿಸಿಲೂ ಸಿಗುವುದಿಲ್ಲ. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ ಏಳೂವರೆ ಸಾವಿರ ಮಿಲಿಮೀಟರ್ ದಾಟುತ್ತದೆ. ಪೂರ್ವಕ್ಕೆ ಸರಿದ ಹಾಗೆ ಮಳೆ ಇಳಿಯುತ್ತಾ ಹೋಗುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್‌ನಲ್ಲೇ ವ್ಯತ್ಯಾಸ ಎದ್ದು ಕಾಣುವುದರಿಂದ ಪೇಟೆಯವರು ಹೇಳುವ ಮಳೆಯ ಲೆಕ್ಕ ನಂಬದೆ, ಆ ಊರಿನವರನ್ನೇ ಕೇಳಿ.

ಜಾಗ, ಕಾಗದ

ಪಹಣಿಯ 9ನೇ ಕಾಲಂನ ಹೆಸರು, 11ನೇ ಕಾಲಂನ ಸಾಲ, ಋಣಭಾರ ಪತ್ರ ಇವನ್ನು ಎಲ್ಲ ಕಡೆಯ ಹಾಗೆ ಇಲ್ಲೂ ನೋಡಲೇಬೇಕು. ಈ ಸೀಮೆಗೇ ಸೇರಿದ ತೊಡಕು ಬೇರೆ ಇವೆ.

ಮೊದಲನೆಯದು ಮುಳುಗಡೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಪೂರ್ಣ ಮಟ್ಟ 1,819 ಅಡಿ. ಬೇಸಿಗೆಯಲ್ಲಿ ನೀರಿಳಿದಾಗ ಹುಲ್ಲುಹಾಸಿನಂಥ ಬಯಲು ಎದ್ದು ಬರುತ್ತದೆ, ದನ ಮೇಯುತ್ತವೆ, ಕ್ರಿಕೆಟ್ ನಡೆಯುತ್ತದೆ. ‘ನಮ್ಮ ಜಾಗ ನೀರಿನವರೆಗೂ ಇದೆ’ ಎಂದು ತೋರಿಸುವವರ ಮಾತು ಆ ಬಯಲಿನಲ್ಲಿ ನಿಂತು ಕೇಳಿದರೆ ನಿಜವೆನ್ನಿಸುತ್ತದೆ. ಆದರೆ ಮಟ್ಟದ ಗೆರೆಯ ಕೆಳಗಿನದು ಯಾರೂ ಮಾರುವ ಜಾಗವಲ್ಲ. ಎರಡನೆಯದು ಸೊಪ್ಪಿನ ಬೆಟ್ಟ. ತೋಟದವರಿಗೆ ಅಲ್ಲಿ ಸೊಪ್ಪು, ದರಗು (ಉದುರಿದ ಒಣ ಎಲೆ) ತರುವ ಸೌಲಭ್ಯವಿದೆಯೇ ಹೊರತು ಒಡೆತನವಿಲ್ಲ. ನಾಲ್ಕು ಎಕರೆ ಸುತ್ತಾಡಿಸಿ ತೋರಿಸಿದ್ದು ಪಹಣಿಗೆ ಬಂದಾಗ ಒಂದು ಎಕರೆ ಹತ್ತು ಗುಂಟೆ ಆಗುವುದು ಹೀಗೆ. ಹದ್ದುಬಸ್ತು (ಅಳತೆ ಮಾಡಿ ಗಡಿ ಗುರುತು) ಮಾಡಿಸಿ, ಭಾಗವಾಗಿ ಕೊಳ್ಳುವುದಾದರೆ ಆ ಭಾಗದ ಅಳತೆ ನಕ್ಷೆಯಾದ 11ಇ ನಕ್ಷೆ ಬರುವವರೆಗೆ ಹಣ ಎಣಿಸಬೇಡಿ. ಜಾಗ ಮೂಲದಲ್ಲಿ ಪರಿಶಿಷ್ಟರಿಗೆ ಮಂಜೂರಾದದ್ದಾಗಿದ್ದರೆ ಅಂಥ ಜಾಗದ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡದ್ದು ನಿಲ್ಲುವುದಿಲ್ಲ. ಅಭಯಾರಣ್ಯದ ಗಡಿ ಎಷ್ಟು ದೂರ ಎಂಬುದನ್ನು ಅರಣ್ಯ ಇಲಾಖೆಯ ನಕ್ಷೆಯಲ್ಲೇ ನೋಡಿ.

ದಾರಿ ಬಗ್ಗೆ ಒಂದು ಮಾತು. ಪಕ್ಕದ ತೋಟದ ಬೇಲಿಯಂಚಿನಲ್ಲಿ ‘ಎಲ್ಲರೂ ಓಡಾಡುವ ದಾರಿ’ ಎಂದು ಬಾಯಲ್ಲಿ ಹೇಳಿದ್ದು ಒಂದು ಸಣ್ಣ ಜಗಳದವರೆಗೆ ಮಾತ್ರ ದಾರಿ. ಕ್ರಯಪತ್ರದಲ್ಲಿ ಅಗಲ ಸಮೇತ ಬರೆಸಿ. ಲಾರಿಯಲ್ಲಿ ಮರಳು, ಜಲ್ಲಿ ತರುವುದಿದ್ದರೆ ಹತ್ತು ಅಡಿಗೆ ಕಡಿಮೆ ಬೇಡ.

ನೀರು: ಕೊಡಪಾನ ಮತ್ತು ಗಡಿಯಾರ

ಮೂರೂವರೆ ತಿಂಗಳು ಮಳೆ ಸುರಿಯುವ ನಾಡಿನಲ್ಲಿ ಏಪ್ರಿಲ್, ಮೇನಲ್ಲಿ ಕುಡಿಯುವ ನೀರಿಗೆ ಪರದಾಟ ಇರುತ್ತದೆಂದು ಹೊಸಬರು ನಂಬುವುದಿಲ್ಲ. ಗುಡ್ಡದ ನೀರು ಇದೆ ಎಂದರೆ ಏಪ್ರಿಲ್ ಕೊನೆಯ ವಾರ ಅದರ ಬಾಯಿಗೆ 15 ಲೀಟರ್ ಬಕೆಟ್ ಹಿಡಿದು ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ದಿನಕ್ಕೆ 21,600 ಲೀಟರ್, ಮನೆ ಮಾತ್ರವಲ್ಲ, ಸಣ್ಣ ತೋಟವೂ ನಡೆಯುತ್ತದೆ. ಐದು ನಿಮಿಷಕ್ಕೆ ತುಂಬಿದರೆ 4,320 ಲೀಟರ್, ಐದು ಜನರ ಮನೆಗೆ, ಎರಡು ದನಕ್ಕೆ ಧಾರಾಳ. ಅರ್ಧ ಗಂಟೆ ಹಿಡಿದರೆ 720 ಲೀಟರ್. ಆಗ ರಾತ್ರಿಯಿಡೀ ತುಂಬಿಕೊಳ್ಳುವ ಎರಡು ಸಾವಿರ ಲೀಟರ್ ಟ್ಯಾಂಕ್ ಇಲ್ಲದೆ ಬದುಕಲಾಗದು.

ಗುಡ್ಡದಿಂದ ಪೈಪಿನಲ್ಲಿ ನೀರು ತರುವಾಗ ಕೆಡುವುದು ನಾಲ್ಕು ಕಡೆ.

ಬಾಯಿ: ಪೈಪಿನ ಬಾಯಿ ಒಂದು ಗೇಣಾದರೂ ನೀರಿನೊಳಗೆ ಮುಳುಗಿರಬೇಕು. ಮೇಲ್ಮೈಗೆ ಹತ್ತಿರವಿದ್ದರೆ ಸುಳಿ ಎದ್ದು ಗಾಳಿ ಎಳೆದುಕೊಳ್ಳುತ್ತದೆ. ಹಳ್ಳಕ್ಕೆ ನೇರ ಬಾಯಿ ಕೊಡುವ ಬದಲು ಪಕ್ಕದಲ್ಲಿ ಎರಡಡಿ ಗುಂಡಿ ತೆಗೆದು, ಜಲ್ಲಿ ತುಂಬಿ, ಅದರೊಳಗೆ ಸಣ್ಣ ತೂತು ಕೊರೆದ ಪೈಪಿನ ತುಂಡಿಗೆ ಸೊಳ್ಳೆಪರದೆ ಸುತ್ತಿ ಇಟ್ಟರೆ ಎಲೆ, ಏಡಿ, ಕಪ್ಪೆಮರಿ ಒಳಗೆ ಬರುವುದಿಲ್ಲ.

ಉಬ್ಬು: ಪೈಪು ಗುಡ್ಡದ ಏರುತಗ್ಗಿಗೆ ತಕ್ಕಂತೆ ಮೇಲೆ ಕೆಳಗೆ ಹೋದಲ್ಲೆಲ್ಲ ಉಬ್ಬಿನ ನೆತ್ತಿಯಲ್ಲಿ ಗಾಳಿ ಕೂರುತ್ತದೆ. ಮನೆಯ ನಲ್ಲಿ ಗೊರಗೊರ ಎಂದು ಉಗುಳಿ ನಿಲ್ಲುತ್ತದೆ. ಮೇಲೆ ಹೋಗಿ ನೋಡಿದರೆ ಬಾಯಲ್ಲಿ ನೀರು ತುಂಬಿಯೇ ಇದೆ. ಇದನ್ನು ಬೈದು ಪೈಪು ಕುಟ್ಟಿ ಪ್ರಯೋಜನವಿಲ್ಲ. ಪ್ರತಿ ದೊಡ್ಡ ಉಬ್ಬಿನ ನೆತ್ತಿಗೆ ಒಂದು ‘ಟಿ’ ಹಾಕಿ, ಅರ್ಧ ಇಂಚಿನ ವಾಲ್ವ್ ಕೂರಿಸಿ. ನೀರು ನಿಂತಾಗ ಮೇಲಿನಿಂದ ಶುರು ಮಾಡಿ ಒಂದೊಂದೇ ವಾಲ್ವ್ ತೆರೆಯಿರಿ. ಮೊದಲು ಉಸ್ಸೆನ್ನುತ್ತದೆ, ಆಮೇಲೆ ಗಾಳಿ ನೀರು ಸೇರಿ ಉಗುಳುತ್ತದೆ, ಕೊನೆಗೆ ಒಂದೇ ಧಾರೆಯಾಗುತ್ತದೆ. ಧಾರೆಯಾದ ಮೇಲೆ ಮುಚ್ಚಿ ಮುಂದಿನದಕ್ಕೆ ಹೋಗಿ.

ಒತ್ತಡ: ಹತ್ತು ಮೀಟರ್ ಇಳಿಜಾರಿಗೆ ಸುಮಾರು ಒಂದು ಕೆಜಿ ಒತ್ತಡ. ನೀರಿನ ಬಾಯಿಗಿಂತ ಮನೆ 50 ಮೀಟರ್ ಕೆಳಗಿದ್ದರೆ ರಾತ್ರಿ ನಲ್ಲಿ ಮುಚ್ಚಿದಾಗ ಪೈಪಿನ ಮೇಲೆ ಐದು ಕೆಜಿ. ನಾಲ್ಕು ಕೆಜಿ ಒತ್ತಡ ತಡೆಯುವ ಅಗ್ಗದ ಪೈಪು ಎಳೆದರೆ ಕೆಳತುದಿ ಮೊದಲು ಒಡೆಯುತ್ತದೆ. ಆರು ಕೆಜಿಗೆ ಕಡಿಮೆ ಬೇಡ. ಅದಕ್ಕಿಂತ ಇಳಿಜಾರಿದ್ದರೆ ನಡುದಾರಿಯಲ್ಲಿ ಸಣ್ಣ ತೊಟ್ಟಿ ಕಟ್ಟಿ ಒತ್ತಡ ಮುರಿಯಿರಿ. ತುದಿಯಲ್ಲಿ ನಲ್ಲಿ ಮುಚ್ಚುವ ಬದಲು ಟ್ಯಾಂಕ್ ತುಂಬಿ ಹೆಚ್ಚಾದ ನೀರು ತೋಟಕ್ಕೆ ಹರಿಯುವಂತೆ ಬಿಡುವುದು ಇನ್ನೂ ಒಳ್ಳೆಯದು.

ಪ್ರಾಣಿ ಮತ್ತು ಬೆಂಕಿ: ಮುಳ್ಳುಹಂದಿ ಬೇಸಿಗೆಯಲ್ಲಿ ಪೈಪು ಕಡಿಯುತ್ತದೆ, ದರಗಿಗೆ ಬಿದ್ದ ಬೆಂಕಿ ಅದನ್ನು ಕರಗಿಸುತ್ತದೆ. ಒಂದಡಿ ಆಳಕ್ಕೆ ಹೂಳಿದರೆ ಎರಡಕ್ಕೂ ಮದ್ದು. ಪೂರ್ತಿ ಹೂಳಲಾಗದಿದ್ದರೆ ದರಗು ಬೀಳುವ ಕಾಡಿನ ಭಾಗವನ್ನಾದರೂ ಹೂಳಿ.

ಬಾವಿ ಇದ್ದವರಿಗೆ ಕಷ್ಟ ಬರುವುದು ಜೂನ್ ಕೊನೆಗೆ, ನೀರು ಮೇಲೆ ಬಂದು ಕದಡಿದಾಗ. ಅಂಗಳದ ನೀರು ಒಳಗೆ ಹೋಗದ ಹಾಗೆ ಕಟ್ಟೆ ಎರಡೂವರೆ ಅಡಿ ಇರಬೇಕು, ಸುತ್ತ ಸಿಮೆಂಟು. ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಹತ್ತು ಅಡಿ ಅಡ್ಡಳತೆಯ ಬಾವಿಯಲ್ಲಿ ಹದಿಮೂರು ಅಡಿ ನೀರಿದ್ದರೆ ಸುಮಾರು 29 ಸಾವಿರ ಲೀಟರ್, ಅಂದರೆ 72 ಗ್ರಾಂ. ಬಕೆಟ್ ನೀರಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಬಿಟ್ಟು, ಕೊಡ ಮುಳುಗಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಬಿಟ್ಟು ಸೇದಿ. ಕಳೆದ ವರ್ಷದ ತೆರೆದ ಪೊಟ್ಟಣದಲ್ಲಿ ಶಕ್ತಿ ಉಳಿದಿರುವುದಿಲ್ಲ. ಹಾಗಿದ್ದೂ ಕುಡಿಯುವುದನ್ನು ಕುದಿಸಿಯೇ ಕುಡಿಯಿರಿ.

ಮಾಡು

ಸಾವಿರ ಚದರ ಅಡಿ ಮಾಡಿನ ಮೇಲೆ ನೂರು ಮಿಲಿಮೀಟರ್ ಮಳೆ ಬಿದ್ದ ದಿನ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಸೂರಿನಿಂದ ಇಳಿಯುತ್ತದೆ. ಜುಲೈನಲ್ಲಿ ಅಂಥ ದಿನ ಅಪರೂಪವಲ್ಲ. ಹೆಂಚಿನ ಮಾಡು ಸೋರುವುದು ಮಳೆ ಹೆಚ್ಚಾಗಿ ಅಲ್ಲ, ಬೇಸಿಗೆಯಲ್ಲಿ ಯಾರೂ ಮೇಲೆ ನೋಡದ್ದರಿಂದ.

ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ, ಹನ್ನೆರಡರ ಬಿಸಿಲಲ್ಲಿ, ಅಟ್ಟಕ್ಕೆ ಹತ್ತಿ ಬಾಗಿಲು ಹಾಕಿಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಲು ಐದು ನಿಮಿಷ ಬಿಡಿ. ಒಡೆದ, ಸರಿದ ಹೆಂಚು ಇರುವಲ್ಲೆಲ್ಲ ಬೆಳಕಿನ ಚುಕ್ಕೆ, ಗೆರೆ ಕಾಣುತ್ತದೆ. ಪಕ್ಕದ ಪಕಾಸಿಗೆ (ಮಾಡಿನ ಇಳಿಜಾರು ತೊಲೆಗೆ) ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಕು ಕಾಣದೆ ರೀಪಿನ (ಹೆಂಚು ಕೂರುವ ಅಡ್ಡಪಟ್ಟಿಯ) ಮೇಲೆ ಕಪ್ಪು ಕಲೆ ಮಾತ್ರ ಇದ್ದರೆ ಅದು ಕೂದಲೆಳೆಯ ಬಿರುಕು. ಆ ಹೆಂಚನ್ನು ಬೆರಳ ಗಂಟಿನಿಂದ ತಟ್ಟಿ ನೋಡಿ. ಗಟ್ಟಿ ಹೆಂಚು ಠಣ್ ಎನ್ನುತ್ತದೆ, ಬಿರುಕಿನದು ಬೊದ್ ಎನ್ನುತ್ತದೆ.

ಬದಲಿಸುವುದು ಕಷ್ಟದ ಕೆಲಸವಲ್ಲ, ಎಚ್ಚರದ ಕೆಲಸ. ಹೆಂಚಿನ ನಡುವೆ ಕಾಲಿಟ್ಟರೆ ಇನ್ನೆರಡು ಒಡೆಯುತ್ತವೆ. ಮಾಡಿನ ಮೇಲೆ ಏಣಿ ಅಡ್ಡ ಮಲಗಿಸಿ ಅದರ ಮೇಲೆ ನಡೆಯಿರಿ. ಅದಿಲ್ಲದಿದ್ದರೆ ಹೆಂಚಿನ ಮೇಲೆ ಹೆಂಚು ಕೂತಿರುವ ಅಂಚಿನಲ್ಲಿ, ಕೆಳಗೆ ರೀಪು ಇರುವಲ್ಲೇ ಹೆಜ್ಜೆ. ಒಡೆದದ್ದರ ಮೇಲಿನ ಹೆಂಚನ್ನು ಎರಡಂಗುಲ ಮೇಲಕ್ಕೆ ತಳ್ಳಿ. ಪಕ್ಕದ ಹೆಂಚಿನ ಅಂಚನ್ನು ಬೆರಳಲ್ಲಿ ಸ್ವಲ್ಪ ಎತ್ತಿ ಹಿಡಿದು ಒಡೆದದ್ದನ್ನು ನಿಮ್ಮ ಕಡೆ ಎಳೆದುಕೊಳ್ಳಿ. ಹೊಸದನ್ನು ಅದೇ ದಾರಿಯಲ್ಲಿ ಒಳಗೆ ಸರಿಸಿದಾಗ ಹಿಂಬದಿಯ ಹಲ್ಲು ರೀಪಿಗೆ ಸಿಕ್ಕಿ ಟಕ್ ಎಂದು ಕೂರುತ್ತದೆ. ಆ ಸದ್ದು ಬರದಿದ್ದರೆ ಅದು ಕೂತಿಲ್ಲ. ಮೊದಲ ಗಾಳಿಗೆ ಜಾರುತ್ತದೆ. ಕೊನೆಗೆ ಮೇಲಿನದನ್ನು ಹಿಂದಕ್ಕೆ ಇಳಿಸಿ. ಹೊಸ ಹೆಂಚು ಹಳೆಯದರ ಪಕ್ಕ ಕೂರದಿದ್ದರೆ ಕಾರ್ಖಾನೆ ಬೇರೆ ಎಂದರ್ಥ. ಒಂದೊಂದು ಅಚ್ಚಿಗೂ ಕಾಲಿಂಚು ವ್ಯತ್ಯಾಸ ಇರುತ್ತದೆ. ಆದ್ದರಿಂದ ಹಳೇ ಮನೆ ಕೆಡವುವಲ್ಲಿ ಅದೇ ಅಚ್ಚಿನ ಐವತ್ತು ಹೆಂಚು ಸಿಕ್ಕರೆ ತಂದು ಕೊಟ್ಟಿಗೆ ಮೂಲೆಯಲ್ಲಿ ನಿಲ್ಲಿಸಿಡಿ. ನೂರು ಚದರ ಅಡಿಗೆ 140ರಿಂದ 150 ಹೆಂಚು ಬೇಕಾಗುತ್ತದೆ ಎಂಬ ಲೆಕ್ಕದಲ್ಲಿ ಐವತ್ತು ಏನೇನೂ ಹೆಚ್ಚಲ್ಲ. ಮಂಗನ ಹಿಂಡು ಒಂದು ಸಲ ಮಾಡು ಹಾದು ಹೋದರೆ ಹತ್ತು ಹೋಗುತ್ತವೆ.

ಎರಡು ಮಾಡು ಸೇರುವ ಮೂಲೆಯ ತಗಡು ಎಲ್ಲಕ್ಕಿಂತ ಮೋಸದ್ದು. ಅಲ್ಲಿ ದರಗು ಕೂತು ಕೊಳೆತು ಅಣೆಕಟ್ಟಿನ ಹಾಗೆ ನೀರು ತಡೆಯುತ್ತದೆ, ನೀರು ಪಕ್ಕದ ಹೆಂಚಿನಡಿಗೆ ನುಗ್ಗುತ್ತದೆ. ಮೇ ಕೊನೆಗೆ ಒಮ್ಮೆ ಗುಡಿಸಿದರೂ ಮೊದಲ ಗಾಳಿಮಳೆಗೆ ಮತ್ತೆ ತುಂಬುತ್ತದೆ, ಇನ್ನೊಮ್ಮೆ ಗುಡಿಸಬೇಕು. ಮಾಡಿಗೆ ಬಾಗಿದ ಕೊಂಬೆಯನ್ನು ಆಗಲೇ ಕಡಿಸಿ. ಮಳೆ ಹಿಡಿದ ಮೇಲೆ ಮಾಡು ಹತ್ತಬೇಡಿ. ಪಾಚಿ ಕಟ್ಟಿದ ಹೆಂಚು ಸಾಬೂನಿಗಿಂತ ಜಾರು. ಸೋರಿದರೆ ಒಳಗಿನಿಂದ ಹೆಂಚಿನಡಿಗೆ ಅಡಿಕೆ ಹಾಳೆ ಸಿಕ್ಕಿಸಿ, ನೀರನ್ನು ಕೆಳಗಿನ ಹೆಂಚಿನ ಮೇಲೆ ಬಿಡಿ. ಹಾಳೆ ಒಂದು ತಿಂಗಳು ತಡೆಯುತ್ತದೆ.

ಎರಚಲು ಬಡಿಯುವುದು ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ಮಣ್ಣಿನ ಗೋಡೆ ಇದ್ದರೆ ಆ ಕಡೆ ಸೂರಿನಿಂದ ನೆಲಕ್ಕೆ ಬಿದಿರ ಗಳ ಕಟ್ಟಿ ಅಡಿಕೆ ಸೋಗೆಯ (ಒಣಗಿದ ಗರಿಯ) ತಟ್ಟಿ ಇಳಿಸಬೇಕು. ಸೋಗೆ ಕೆಳಗಿನ ಸಾಲಿನಿಂದ ಮೇಲಕ್ಕೆ ಕಟ್ಟಿ, ಒಂದು ಸಾಲು ಇನ್ನೊಂದರ ಮೇಲೆ ಅರ್ಧ ಬರುವ ಹಾಗೆ. ಮೇಲಿನಿಂದ ಕಟ್ಟಿದರೆ ನೀರು ಸಂದಿನಲ್ಲಿ ಒಳಗೆ ಬರುತ್ತದೆ. ನೀಲಿ ಟಾರ್ಪಾಲಿಗೆ ಖರ್ಚು ಕಡಿಮೆ, ಆದರೆ ಗಾಳಿ ಆಡದೆ ಗೋಡೆ ಒಳಗೇ ಬೆವರುತ್ತದೆ, ಬಿರುಗಾಳಿಗೆ ರಾತ್ರಿಯಿಡೀ ಬಡಿದುಕೊಳ್ಳುತ್ತದೆ. ಸೋಗೆ ಸಿಗುವಲ್ಲಿ ಸೋಗೆಯೇ ಸರಿ.

ಧರೆ ಮತ್ತು ಅಂಗಳ

ಗುಡ್ಡ ಕಡಿದು ಮಟ್ಟ ಮಾಡಿ ಕಟ್ಟಿದ ಮನೆಗಳೇ ಇಲ್ಲಿ ಹೆಚ್ಚು, ಹಿತ್ತಿಲಲ್ಲಿ ಧರೆ ನಿಂತಿರುತ್ತದೆ. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಗೋಡೆಯಿಂದ ಇರಲಿ. ಹದಿನೈದು ಅಡಿ ಧರೆಗೆ ನಾಲ್ಕಡಿ ಓಣಿ ಬಿಟ್ಟು ಮಲಗುವ ಕೋಣೆ ಕಟ್ಟಿದ ಮನೆ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಇರುವ ಮನೆಗೇ ಧರೆ ಹತ್ತಿರವಿದ್ದರೆ ಜುಲೈ, ಆಗಸ್ಟ್‌ನಲ್ಲಿ ಆ ಬದಿಯ ಕೋಣೆಯಲ್ಲಿ ಯಾರೂ ಮಲಗದಿರುವುದು ಉತ್ತಮ.

ಧರೆಯ ನೆತ್ತಿಯಿಂದ ಹತ್ತಡಿ ಹಿಂದೆ ಒಂದಡಿ ಆಳದ ಕಾಲುವೆ ತೋಡಿ, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಕಾಲುವೆಯಲ್ಲಿ ನೀರು ಹರಿಯಬೇಕು, ನಿಲ್ಲಬಾರದು. ಇಂಗುಗುಂಡಿ ಒಳ್ಳೆಯದೆಂದು ಓದಿ ಧರೆಯ ತಲೆಯ ಮೇಲೆಯೇ ಗುಂಡಿ ತೆಗೆಯುವವರಿದ್ದಾರೆ. ಇಂಗಿದ ನೀರಿನ ಭಾರಕ್ಕೇ ಮಣ್ಣು ಜಾರುವುದು. ನೆತ್ತಿಯಲ್ಲಿ ಉದ್ದುದ್ದ ಬಿರುಕು, ನೇರವಿದ್ದ ಮರ ವಾಲುವುದು, ಧರೆಯ ಬುಡದ ತಿಳಿ ಜಿನುಗು ಇದ್ದಕ್ಕಿದ್ದಂತೆ ಕೆಂಪಾಗುವುದು, ಇವುಗಳಲ್ಲಿ ಒಂದು ಕಂಡರೂ ಮನೆ ಬಿಟ್ಟು ಆಚೆ ಹೋಗಿ. ಸಾಮಾನು ಆಮೇಲೆ.

ಅಂಗಳ ಹಾವಸೆ (ಪಾಚಿ) ಕಟ್ಟುತ್ತದೆ. ಮುರಿದ ಸೊಂಟಗಳಿಗೆ ಮುಖ್ಯ ಕಾರಣ ಅದೇ. ಬಾಗಿಲಿಂದ ಕೊಟ್ಟಿಗೆಗೆ, ಬಾವಿಗೆ ಅಡಿಕೆ ದಬ್ಬೆ (ಮರ ಸೀಳಿದ ಪಟ್ಟಿ) ಹಾಸಿ, ಸಿಪ್ಪೆಯ ಬದಿ ಕೆಳಗೆ. ಸಿಮೆಂಟು ಅಂಗಳಕ್ಕೆ ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪುಡಿ ಎರಚಿ ಗಟ್ಟಿ ಪೊರಕೆಯಲ್ಲಿ ತಿಕ್ಕಿ.

ಕಟ್ಟಿಗೆ ಮತ್ತು ಒಣಗುವ ಚಿಂತೆ

ಬಚ್ಚಲ ಒಲೆಗೆ ದಿನಕ್ಕೆ ಎಂಟು, ಹತ್ತು ಕೆಜಿ ಎಂದು ಹಿಡಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಟನ್ನಿನಷ್ಟಾದರೂ ಕಟ್ಟಿಗೆ ಬೇಕು. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದರಿಂದ ಮೇನಲ್ಲಿ ಕಡಿದ ಕಟ್ಟಿಗೆ ಜುಲೈಗೆ ಹೊಗೆ ಕೊಡುತ್ತದೆ, ಬೆಂಕಿ ಕೊಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಅಕೇಶಿಯಾ ತರಿಸಿ, ಆಗಲೇ ಸೀಳಿಸಿ. ಸೀಳಿದ್ದು ಬೇಗ ಒಣಗುತ್ತದೆ, ದಿಮ್ಮಿ ಎರಡು ವರ್ಷವಾದರೂ ಒಳಗೆ ಹಸಿ. ಕೊಟ್ಟಿಗೆಯಲ್ಲಿ ಕೆಳಗೆ ಕಲ್ಲಿಟ್ಟು ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಒಟ್ಟಿ. ನೆಲಕ್ಕೆ ತಾಗಿದರೆ ಗೆದ್ದಲು. ಮನೆಯ ಗೋಡೆಗೆ ಆನಿಸಿ ಒಟ್ಟಬೇಡಿ, ಕಟ್ಟಿಗೆ ರಾಶಿ ಹಾವಿಗೂ ಬೆಚ್ಚಗಿನ ಮನೆ. ಒಲೆ ಹೊತ್ತಿಸಲು ಒಣಗಿದ ಹಾಳೆ, ತೆಂಗಿನ ಕರಟ, ಸೋಗೆಯ ದಂಟು ಎರಡು ಗೋಣಿಚೀಲ ಬೇರೆ ಇಡಿ. ಕಾಡಿನಿಂದ ಹಸಿ ಮರ ಕಡಿದು ತರುವುದು ಅಪರಾಧ. ದಾರಿಬದಿಯ ಬಿದ್ದ ಮರವನ್ನೂ ಕೇಳದೆ ಮುಟ್ಟಬೇಡಿ.

ಆರಿದ್ರದಿಂದ ಆಶ್ಲೇಷದವರೆಗೆ, ಎಂದರೆ ಜೂನ್ 22ರಿಂದ ಆಗಸ್ಟ್ ನಡುವಿನವರೆಗೆ, ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಮಾತ್ರ. ದಪ್ಪ ಜೀನ್ಸು, ಟರ್ಕಿ ಟವೆಲ್ಲು ಅಟ್ಟಕ್ಕೆ ಸೇರಿಸಿ ತೆಳು ಪಂಚೆ, ನೈಲಾನ್ ಬಟ್ಟೆ ಹೊರಗೆ ತೆಗೆಯಿರಿ. ಕಪಾಟಿನಲ್ಲಿ ಒಂದು ಸಣ್ಣ ಬುರುಡೆ ಬಲ್ಬು ದಿನಕ್ಕೆರಡು ಗಂಟೆ ಉರಿದರೆ ಬೂಸು ಹಿಡಿಯುವುದಿಲ್ಲ. ಎಲ್‌ಇಡಿ ಬಲ್ಬಿಗೆ ಆ ಕಾವು ಇಲ್ಲ. ಪಹಣಿ, ಕ್ರಯಪತ್ರ, ಪಾಸ್‌ಪೋರ್ಟು ಏಪ್ರಿಲ್ ಬಿಸಿಲಿಗೊಮ್ಮೆ ಹರವಿ, ಗಾಳಿಯಾಡದ ಡಬ್ಬಿಗೆ ಹಾಕಿ ಮುಚ್ಚಿ. ಅಕ್ಕಿ, ಬೇಳೆ, ಮೆಣಸಿನಕಾಯಿಗೂ ಅದೇ ಉಪಚಾರ. ಹದಿನೈದು ದಿನದ ದಿನಸಿ, ಎರಡನೇ ಸಿಲಿಂಡರು, ಮನೆಯವರ ಮಾತ್ರೆ ಒಂದು ತಿಂಗಳಿಗಾಗುವಷ್ಟು ಇದ್ದರೆ ಸಾಕು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಪಕ್ಕದ ಮನೆಯ ಅಮ್ಮನವರಿಂದ ಕಲಿಯಬೇಕು, ಓದಿ ಬರುವುದಲ್ಲ.

ಕರೆಂಟು

ಮರ ಬಿದ್ದು ತಂತಿ ಹರಿದರೆ ಎರಡು ದಿನ, ಮೂರು ದಿನ ಕರೆಂಟಿಲ್ಲ. ಒಂಟಿಮನೆಯ ಲೈನು ಕೊನೆಗೆ ಸರಿಯಾಗುವುದು. 12 ವೋಲ್ಟಿನ 150 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಗಂಟೆ ಇದ್ದರೂ ಕೈಗೆ ಸಿಗುವುದು ಸಾವಿರದಿಂದ ಸಾವಿರದ ಇನ್ನೂರು. ಒಂಬತ್ತು ವ್ಯಾಟಿನ ನಾಲ್ಕು ದೀಪ, ವೈಫೈ ಪೆಟ್ಟಿಗೆ, ಮೊಬೈಲು ಸೇರಿ 50 ವ್ಯಾಟ್ ಎಂದರೆ ಇಪ್ಪತ್ತು ಗಂಟೆ ಬರುತ್ತದೆ. ಮಿಕ್ಸಿ ತಿರುಗಿಸಿದರೆ ಲೆಕ್ಕ ತಪ್ಪುತ್ತದೆ. ಸೋಲಾರ್ ಫಲಕ ಜುಲೈ ಮೋಡದಲ್ಲಿ ಹೆಸರಿಗೆ ಮಾತ್ರ. ವರ್ಷವಿಡೀ ಹರಿಯುವ ಹಳ್ಳ ಇದ್ದವರು ಸಣ್ಣ ಟರ್ಬೈನ್ ಯೋಚಿಸಬಹುದು: ಸೆಕೆಂಡಿಗೆ ಐದು ಲೀಟರ್ ನೀರು 40 ಮೀಟರ್ ಇಳಿದರೆ ಸೋರಿಕೆ ಕಳೆದು ಸುಮಾರು ಒಂದು ಕಿಲೋವ್ಯಾಟ್ ಸಿಗುತ್ತದೆ, ಅದೂ ಹಗಲು ರಾತ್ರಿ.

ಸಿಡಿಲಿನ ಭಯ ನಡುಮಳೆಗಾಲದಲ್ಲಿ ಕಡಿಮೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಹೆಚ್ಚು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಪಂಪಿನ ಸ್ಟಾರ್ಟರ್, ವೈಫೈ ಪೆಟ್ಟಿಗೆಯ ವೈರು ಮರೆಯಬೇಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ. ಹರಿದ ತಂತಿ ಕಂಡರೆ ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ಹೇಳಿ. ಲೈನ್‌ಮನ್ ನಂಬರ್ ಗೋಡೆಯ ಮೇಲೆ ಬರೆದಿಡಿ. ಆತ ಮಳೆಯಲ್ಲಿ ಕಂಬ ಹತ್ತುವವನು, ಬೈಯಬೇಡಿ. ಕರೆಂಟು ಹೋಗಿ ಹೊತ್ತು ಕಳೆದ ಮೇಲೆ ಟವರೂ ನಿಲ್ಲುತ್ತದೆ. ಊರಲ್ಲಿ ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಪ್ರತಿ ಊರಿಗೂ ಅಂಥ ಒಂದು ಕಲ್ಲೋ ಕಟ್ಟೆಯೋ ಇರುತ್ತದೆ.

ಉಣುಗು, ಉಂಬಳ, ಹಾವು

ಹೊಸಬರು ಉಂಬಳಕ್ಕೆ ಹೆದರುತ್ತಾರೆ, ಹೆದರಬೇಕಾದದ್ದು ಉಣುಗಿಗೆ (ಉಣ್ಣೆ), ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಕೊನೆ, 2019ರ ಮೊದಲಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜೀವಗಳು ಹೋದವು. ಕಾಲ ಡಿಸೆಂಬರ್‌ನಿಂದ ಮೇವರೆಗೆ, ಎಂದರೆ ನೀವು ದರಗು ಗುಡಿಸಲು, ಕಟ್ಟಿಗೆ ತರಲು, ಪೈಪು ಹೂಳಲು ಕಾಡಿಗೆ ಹೋಗುವ ಕಾಲವೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವ, ಉಣುಗು ದೂರವಿಡುವ ಡೇಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿ ಹೋಗಿ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ದರಗಿನ ಮೇಲೆ ಕೂರಬೇಡಿ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿ ಹಿಂದೆ ಹುಡುಕಿ. ಮರಿ ಉಣುಗು ಎಳ್ಳಿನಷ್ಟೂ ಇರುವುದಿಲ್ಲ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಕಾಡಿಗೆ ಹೋಗಿಬಂದ ಒಂದು ವಾರದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ, ಸೊಂಟ ಸೀಳುವ ನೋವು ಬಂದರೆ ಮನೆಮದ್ದು ಬೇಡ; ಕಾಡಿಗೆ ಹೋದದ್ದನ್ನು ಡಾಕ್ಟರಿಗೆ ನೀವೇ ಹೇಳಿ ರಕ್ತಪರೀಕ್ಷೆ ಕೇಳಿ. ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ.

ಉಂಬಳಕ್ಕೆ ಹೊಗೆಸೊಪ್ಪು, ಸುಣ್ಣ ಕೊಬ್ಬರಿಎಣ್ಣೆಯಲ್ಲಿ ಕಲಸಿ ಕಾಲಿಗೆ ಹಚ್ಚುವುದೇ ಹಳೆಯ ಮದ್ದು, ಮಳೆಗೆ ತೊಳೆದು ಹೋದಾಗ ಮತ್ತೆ ಹಚ್ಚಬೇಕು. ಕಚ್ಚಿದ್ದನ್ನು ಉಗುರಿನಿಂದ ಚರ್ಮಕ್ಕೆ ಒರೆಸಿದಂತೆ ಸರಿಸಿ ಬಿಡಿಸಿ. ರಕ್ತ ಅರ್ಧ ಗಂಟೆ ಹರಿದರೂ ಗಾಬರಿ ಬೇಡ, ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಒತ್ತಿ ಹಿಡಿದರೆ ನಿಲ್ಲುತ್ತದೆ.

ಹಾವು ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಕೋಲು ಕಟ್ಟಿ ನೇರ ತಾಲ್ಲೂಕು ಆಸ್ಪತ್ರೆಗೆ. ಆಸ್ಪತ್ರೆಯ ಮದ್ದು ನಾಗರ, ಕಟ್ಟಿಗೆ ಹಾವು ಮತ್ತು ಎರಡು ಬಗೆಯ ಮಂಡಲಕ್ಕೆ ತಯಾರಾದದ್ದು. ಇಲ್ಲಿಯ ಕಾಳಿಂಗಕ್ಕೂ ಗುಳಿಮಂಡಲಕ್ಕೂ ಅಲ್ಲ. ಆದ್ದರಿಂದ ದೂರದಿಂದ ಹಾವಿನ ಫೋಟೊ ಸಿಕ್ಕರೆ ಡಾಕ್ಟರಿಗೆ ತೋರಿಸಿ, ಆದರೆ ಹಾವು ಹುಡುಕುತ್ತಾ ಹೊತ್ತು ಕಳೆಯಬೇಡಿ. ರಾತ್ರಿ ಬಚ್ಚಲಿಗೆ ಹೋಗುವಾಗಲೂ ಕೈಯಲ್ಲಿ ಬ್ಯಾಟರಿ ದೀಪ ಇರಲಿ.

ಮನೆಯ ಹಿಂದೆ ನಾಲ್ಕು ಅಡಿಕೆ ಮರ ಇದ್ದರೆ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಳೆ ಹಿಡಿಯುವ ಮೊದಲು ಒಮ್ಮೆ, 40, 45 ದಿನ ಬಿಟ್ಟು ಮಳೆ ನಿಂತು ಹೊಳವಾದಾಗ ಇನ್ನೊಮ್ಮೆ. ಒಂದು ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಲ್ಲಿ, ಒಂದು ಕೆಜಿ ಸುಣ್ಣವನ್ನು ಬೇರೆ 50 ಲೀಟರ್‌ನಲ್ಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣಕ್ಕೆ ಸುರಿಯುತ್ತಾ ಕಲಕಿ. ಉಲ್ಟಾ ಸುರಿದರೆ ಗಸಿ ಕಟ್ಟುತ್ತದೆ. ತೊಳೆದ ಕತ್ತಿಯ ಅಲುಗನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು. ಅದೇ ದಿನ ಮುಗಿಸಿ. ಮರ ಹತ್ತುವ ಕೊನೆಗೌಡರನ್ನು ಏಪ್ರಿಲ್‌ನಲ್ಲೇ ಮಾತಾಡಿ ಇಟ್ಟುಕೊಳ್ಳಿ. ನೀವೂ ಅವರಿವರ ಕೆಲಸಕ್ಕೆ ಮುಯ್ಯಾಳಾಗಿ (ಕೂಲಿಯಿಲ್ಲದೆ, ಕೆಲಸಕ್ಕೆ ಬದಲು ಕೆಲಸ) ಹೋಗುವವರಾದರೆ ಆಳಿನ ಕೊರತೆ ಅರ್ಧ ತೀರುತ್ತದೆ.

ಹಿನ್ನೀರು

2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆ ತೆರೆದ ಮೇಲೆ ಹಿನ್ನೀರಿನಾಚೆಯ ತುಮರಿ ಕಡೆಯವರು ಲಾಂಚ್ ಕಾಯುವ ಪಾಡು ತಪ್ಪಿದೆ. ಹಾಗೆಂದು ಹಿನ್ನೀರಿನ ಮೂಲೆ ಮೂಲೆಗೂ ರಸ್ತೆಯಿಲ್ಲ. ನಿಮ್ಮ ಮನೆಗೆ ದಾರಿ ಲಾಂಚಿನ ಮೇಲೆ ನಿಂತಿದ್ದರೆ ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ನಿಲ್ಲುತ್ತದೆ ಎಂದು ತಿಳಿದೇ ಸುತ್ತುದಾರಿ ನೋಡಿಕೊಂಡಿರಿ.

ನೀರಿನ ಅಂಚಿನ ಒಣಗಿದಂತೆ ಕಾಣುವ ಕೆಸರು ಮೇಲ್ಪದರ ಮಾತ್ರ ಒಣಗಿದ್ದು. ಕಾರಂತೂ ಇಳಿಸಲೇಬೇಡಿ, ದನವೂ ಹೂತು ಹೋಗುತ್ತದೆ. ಈಜು ಬಂದರೂ ಇಳಿಯಬೇಡಿ: ಮುಳುಗಡೆಯ ಮರದ ಬೊಡ್ಡೆಗಳು ಇನ್ನೂ ಅಡಿಯಲ್ಲಿವೆ, ಹಳೆಯ ಧರೆ, ಬಾವಿ ಎಲ್ಲೆಂದು ಹೇಳಲಾಗದು. ‘ಆಶ್ಲೇಷ ಮಳೆ, ಈಸಲಾರದ ಹೊಳೆ’ ಎಂಬ ಮಾತು ಸುಮ್ಮನೆ ಹುಟ್ಟಿಲ್ಲ. ಜೋರು ಮಳೆಯ ವಾರದಲ್ಲಿ ನೀರು ದಿನಕ್ಕೆ ಅಡಿಗಟ್ಟಲೆ ಏರುತ್ತದೆ. ನಿನ್ನೆ ಸಂಜೆ ದಡಕ್ಕೆ ಕಟ್ಟಿದ ದೋಣಿ, ಬಿಟ್ಟುಬಂದ ಪಂಪು ಬೆಳಗ್ಗೆ ನೀರಿನಡಿ. ಪಂಪನ್ನು ದಡದಲ್ಲಿ ಗಟ್ಟಿಯಾಗಿ ಕೂರಿಸದೆ ಎಳೆದುಕೊಳ್ಳಲು ಬರುವ ಚಕ್ರದ ಗಾಡಿಯ ಮೇಲಿಡಿ.

ಹಸ್ತದ ಮಳೆ ಮುಗಿದು ಅಕ್ಟೋಬರ್‌ನಲ್ಲಿ ಬಿಸಿಲು ಬಿದ್ದ ಕೂಡಲೇ ಪಶ್ಚಿಮದ ಸೋಗೆ ತಟ್ಟಿ ಬಿಚ್ಚಿ, ಗೋಡೆಗೆ ಗಾಳಿ ತಾಗಲಿ. ಬಿಚ್ಚುವಾಗ ಚೇಳು, ಹಾವುಮರಿ ಇರುತ್ತವೆ, ಉದ್ದ ಕೋಲಿನಿಂದ ಮೊದಲು ಬಡಿಯಿರಿ. ಕೊಳೆತ ಸೋಗೆ ಅಡಿಕೆ ಮರದ ಬುಡಕ್ಕೆ ಹೋಗಲಿ. ಬಿದಿರ ಗಳವನ್ನು ಎರಡು ದಿನ ಒಣಗಿಸಿ ಬಚ್ಚಲ ಒಲೆಯ ಹೊಗೆ ತಾಗುವ ಅಟ್ಟಕ್ಕೆ ಏರಿಸಿದರೆ ಕುಟ್ಟೆ (ಮರ ಕೊರೆಯುವ ಹುಳು) ಹಿಡಿಯದೆ ಇನ್ನೂ ಎರಡು ಮಳೆಗಾಲ ಬರುತ್ತದೆ.